ರಾಮಾಂಜಿನಪ್ಪನ ಆರನೇ ಚಿತ್ರ

ರಾಮಾಂಜಿನಪ್ಪನಿಗೆ ಓದಲು ಬರುತ್ತಿರಲಿಲ್ಲ. ಆದರೂ ದೊಡ್ಡಬಳ್ಳಾಪುರದ ಪೇಟೆ ಬೀದಿಯ ಅರ್ಧಕ್ಕರ್ಧ ಅಂಗಡಿಗಳ ಬೋರ್ಡು ಬರೆದವನು ಅವನೇ. ಯಾರಾದರೂ ಚೀಟಿಯಲ್ಲಿ ಅಕ್ಷರ ಗೀಚಿ ಕೊಟ್ಟರೆ ಸಾಕು, ಮದುವೆ ಮನೆ ಗೋಡೆಗೆ ಗಿಣಿ, ಬಾಳೆಗಿಡ ಬರೆಯುವ ಹಾಗೆಯೇ ಅದನ್ನೂ ನೋಡಿ ನೋಡಿ ಬರೆಯುತ್ತಿದ್ದ. ಒಂದು ಸಲ ಚೀಟಿ ಕೊಟ್ಟ ಬಟ್ಟೆ ಅಂಗಡಿಯವನು ಮೂಲೆಯಲ್ಲಿ ಮಸಿ ಚೆಲ್ಲಿಕೊಂಡಿದ್ದ. ಆ ಮಸಿ ಕಲೆಯೂ ಬೋರ್ಡಿನ ಮೇಲೆ ಅಚ್ಚುಕಟ್ಟಾಗಿ ಬಂತು. ಅಂಗಡಿಯವನು ಕೂಗಾಡಿದ. ಇವನು, "ನೀವು ಕೊಟ್ಟಿದ್ದೇ ಅಲ್ವಾ ಸ್ವಾಮಿ," ಎಂದ.

ಇಂಥವನನ್ನು ನಮ್ಮ ಸಂಘಕ್ಕೆ ಕರೆತಂದವರು ಅನುಸೂಯಮ್ಮನವರು. ತಾಯಿ ಮಕ್ಕಳ ಸೇವಾ ಸಂಘ ಅಂತ ಅದರ ಹೆಸರು. ಹೆಸರು ದೊಡ್ಡದು, ಇದ್ದದ್ದು ಹೆಂಚಿನ ಮನೆಯ ಎರಡು ಕೋಣೆ, ಐದು ಮಂಚ, ಹೆರಿಗೆ ಮಾಡಿಸಲು ನಾನೊಬ್ಬಳು. ಮುನಿವೆಂಕಟಮ್ಮ ಎನ್ನುವ ನನ್ನ ಹೆಸರನ್ನು ಯಾರೂ ಕರೆಯುತ್ತಿರಲಿಲ್ಲ, ಎಲ್ಲರ ಬಾಯಲ್ಲೂ ನಾನು ನರ್ಸಮ್ಮ. ಇಪ್ಪತ್ತಕ್ಕೇ ಗಂಡನನ್ನು ಕಳೆದುಕೊಂಡು, ಬೆಂಗಳೂರಲ್ಲಿ ಸೂಲಗಿತ್ತಿ ಕೆಲಸದ ತರಬೇತಿ ಪಡೆದು ಬಂದಿದ್ದೆ. ಅನುಸೂಯಮ್ಮನವರು ವಕೀಲರ ಹೆಂಡತಿ, ಸಂಘದ ಕಾರ್ಯದರ್ಶಿ. ಅವರು ವರ್ಷವರ್ಷವೂ ಇಂಗ್ಲಿಷಿನಲ್ಲಿ ವರದಿ ಅಚ್ಚು ಹಾಕಿಸುತ್ತಿದ್ದರು. ಅದನ್ನು ಓದಿದವರು ಒಬ್ಬರೂ ಇಲ್ಲ. ಹಳ್ಳಿಯ ಹೆಂಗಸರು ಬರಲೊಲ್ಲರು, ಪೇಟೆಯ ಸಾಹುಕಾರರು ಕೊಡಲೊಲ್ಲರು. ಹೆಂಗಸರು ಬರದಿದ್ದರೆ ಸಂಘಕ್ಕೆ ಬಾಗಿಲು ಹಾಕಬೇಕು ಅನ್ನುವ ಹಂತಕ್ಕೆ ಬಂದಿತ್ತು.

ಸಾವಿರದ ಒಂಬೈನೂರ ನಲವತ್ತೆರಡರ ಮಳೆಗಾಲ ಅದು. ಅನುಸೂಯಮ್ಮನವರು ಅವನನ್ನು ಜಗಲಿ ಮೇಲೆ ಕೂರಿಸಿ, "ನಾವು ಏನು ಮಾಡ್ತೀವಿ ಅಂತ ಹೇಳಿದ್ರೆ ಯಾರೂ ಕೇಳೋದಿಲ್ಲ ಕಣಪ್ಪಾ. ತೋರಿಸಬೇಕು. ಒಬ್ಬ ಹೆಂಗಸಿನ ಕಥೆ ಮಾಡು, ಮೊದಲಿಂದ ಕೊನೇವರೆಗೆ ಒಬ್ಬಳೇ ಇರಲಿ," ಎಂದರು. ಐಡಿಯಾ ಚೆನ್ನಾಗಿಯೇ ಇತ್ತು, ಇಲ್ಲ ಅನ್ನುವುದಿಲ್ಲ.

ಅವನು ಮಗ್ಗದವರಿಂದ ಒಂದು ಉದ್ದನೆಯ ಬಿಳಿ ಬಟ್ಟೆ ತಂದು, ಹುಣಸೆ ಬೀಜದ ಗಂಜಿ ಬಳಿದು ಒಣಗಿಸಿ, ಆರು ಚೌಕ ಮಾಡಿದ. ಬಸುರಿ ಹೆಂಗಸು ನೀರು ಹೊರುವುದು. ಕತ್ತಲೆ ಕೋಣೆಯಲ್ಲಿ ಹೆರಿಗೆ ನೋವು. ಅವಳ ಅಕ್ಕಪಕ್ಕದವರು ತಲೆ ಮೇಲೆ ಕೈ ಹೊತ್ತು ಕೂತದ್ದು. ಎತ್ತಿನ ಗಾಡಿ ಸಂಘದ ಬಾಗಿಲಿಗೆ ಬಂದದ್ದು. ನಾನು ಬೋಗುಣಿ ಹಿಡಿದು ನಿಂತದ್ದು. ನನ್ನ ಮೂಗನ್ನು ಇರುವುದಕ್ಕಿಂತ ಉದ್ದ ಮಾಡಿದ್ದ, ಈಗಲೂ ನನಗೆ ಅದರ ಬಗ್ಗೆ ಸಿಟ್ಟಿದೆ. ಆರನೆಯದರಲ್ಲಿ ತಾಯಿ ಮಂಚದ ಮೇಲೆ ಕೂತು ನಗುತ್ತಾ, ಮಡಿಲಲ್ಲಿ ಮಗು ಇಟ್ಟುಕೊಂಡಿರಬೇಕು.

ನೋಡದೆ ಬರೆಯುವುದು ಅವನಿಗೆ ಗೊತ್ತಿರಲಿಲ್ಲ. ಹಾಗಾಗಿ ತನ್ನ ಹೆಂಡತಿಯನ್ನೇ ಕೂರಿಸಿಕೊಂಡ. ಗಂಗಲಕ್ಷ್ಮಮ್ಮ, ರಾಜಘಟ್ಟದ ಹುಡುಗಿ, ಆಗ ಮೊದಲ ಬಸುರಿ. ಕೆನ್ನೆ ಮೇಲೆ ಹೆಸರುಕಾಳಿನಷ್ಟು ಮಚ್ಚೆ. ಅದನ್ನೂ ಬರೆದ. ಅವಳು ನಮ್ಮ ಜಗಲಿಯ ಮೇಲೆ ಕೂತು, ಮಡಿಲಲ್ಲಿ ಮಡಿಸಿದ ಟವೆಲ್ಲು ಇಟ್ಟುಕೊಂಡು, "ಬೇಗ ಬರೀರಿ, ಬೆನ್ನು ನೋಯ್ತೈತೆ," ಎಂದು ಗಂಡನನ್ನು ಗದರಿಸುವಳು. ಮೂರೂ ಜನ ನಗುತ್ತಿದ್ದೆವು. ಆ ಜಗಲಿಯಲ್ಲಿ ಅಷ್ಟು ನಗು ಆಮೇಲೆ ನಾನು ಕೇಳಿಲ್ಲ.

ಅವಳ ತಾಯಿ ಬಂದು ನೋಡಿ ಕೆಂಡವಾದಳು. ನಮ್ಮ ಕಡೆ ಹುಟ್ಟದ ಮಗುವಿಗೆ ತೊಟ್ಟಿಲು ಕೊಳ್ಳುವುದಿಲ್ಲ, ಹೆಸರು ಕೂಡ ಯೋಚಿಸುವುದಿಲ್ಲ. ಇವನು ಮಗುವನ್ನೇ ಬರೆದು ತಾಯಿಯ ಮಡಿಲಿಗೆ ಹಾಕಿದ್ದ. "ಹೊಟ್ಟೇಲಿರೋದನ್ನ ಬಟ್ಟೆ ಮ್ಯಾಲೆ ಇಳಿಸ್ತಾರೇನಪ್ಪಾ ಯಾರಾದ್ರೂ?" ಎಂದು ಕಿರುಚಿದಳು. ಅವನು ಸಮಾಧಾನವಾಗಿ ಹೇಳಿದ: "ಅತ್ತೆ, ಕಣ್ಣು ಬರೆದಿಲ್ಲ ನೋಡಿ. ದೇವ್ರನ್ನ ಬರೆದ್ರೂ ಕಣ್ಣು ಇಡೋವರ್ಗೂ ಅದು ಬರೀ ಬಣ್ಣ. ಹುಟ್ಟಲಿ, ಆಮೇಲೆ ಇಡ್ತೀನಿ." ಮುದುಕಿ ಗೊಣಗುತ್ತಾ ಹೋದಳು. ಕಣ್ಣಿಲ್ಲದ ಮಗುವಿನ ಬಟ್ಟೆಯನ್ನು ಸುತ್ತಿ ಬೀರುವಿನ ಮೇಲಿಟ್ಟೆವು.

ಡಿಸೆಂಬರಿನಲ್ಲಿ ಗಂಗಲಕ್ಷ್ಮಮ್ಮ ತವರಿಗೆ ಹೋಗದೆ, ತಾಯಿಯನ್ನು ಎದುರು ಹಾಕಿಕೊಂಡು, ತಾನೇ ನಡೆದುಕೊಂಡು ಸಂಘಕ್ಕೆ ಬಂದಳು. ಗಂಡ ಊರಿಗೆಲ್ಲ ಹೇಳಹೊರಟಿದ್ದನ್ನು ತಾನೇ ಮಾಡದಿದ್ದರೆ ಹೇಗೆ ಅನ್ನುವುದು ಅವಳ ಮಾತು. ಎರಡು ಹಗಲು ನೋವು ತಿಂದಳು. ಮಗು ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು, ಉಸಿರಿಲ್ಲದೆ ಹುಟ್ಟಿತು. ಆಮೇಲೆ ರಕ್ತ ನಿಲ್ಲಲಿಲ್ಲ. ಬೆಂಗಳೂರಿನ ಲೇಡಿ ಡಾಕ್ಟರಿಗೆ ಬೆಳಗ್ಗೆಯೇ ಹೇಳಿ ಕಳಿಸಿದ್ದೆ. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ, ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು. ಅದು ರಾಜಾನುಕುಂಟೆಯ ಹತ್ತಿರ ಕೆಟ್ಟು ನಿಂತಿತು. ಡಾಕ್ಟರು ಬರುವ ಹೊತ್ತಿಗೆ ಮಾಡುವುದೇನೂ ಉಳಿದಿರಲಿಲ್ಲ.

ಗಂಗಲಕ್ಷ್ಮಮ್ಮ ಕೊನೆಗೆ ನನ್ನ ಸೆರಗು ಹಿಡಿದು ಕೇಳಿದಳು: "ಏನಕ್ಕಾ, ಹೆಣ್ಣಾ ಗಂಡಾ?"

"ಹೆಣ್ಣು."

"ಚೆನ್ನಾಗೈತಾ?"

"ಚೆನ್ನಾಗಿದೆ. ಮಲಗಿದೆ," ಎಂದೆ. ಸುಳ್ಳು ಹೇಳಲು ನನಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಗಂಡ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ.

ಅವನು ಅಳಲಿಲ್ಲ. ಅತ್ತೆ ಬಂದು ಎದೆ ಎದೆ ಬಡಿದುಕೊಂಡು, "ಬ್ಯಾಡ ಅಂದೆ, ಬರೆದೆಯಲ್ಲೋ!" ಎಂದು ಅವನ ಶರ್ಟು ಹಿಡಿದು ಜಗ್ಗಿದಾಗಲೂ ನಿಂತೇ ಇದ್ದ. ಅವಳು ಬಿಟ್ಟ ಮೇಲೆ ಕಿತ್ತುಬಿದ್ದ ಗುಂಡಿಯನ್ನು ನೆಲದಿಂದ ಹೆಕ್ಕಿ ಜೇಬಿಗೆ ಹಾಕಿಕೊಂಡ.

ಆ ವರ್ಷದ ವರದಿಯಲ್ಲಿ ನಲವತ್ತೊಂದು ಹೆರಿಗೆ, ತಾಯಿ ಸತ್ತದ್ದು ಒಂದು ಎಂದು ಅಚ್ಚಾಯಿತು. ಒಂದು ಎಂದರೆ ಗಂಗಲಕ್ಷ್ಮಮ್ಮ. ಉಳಿದ ನಲವತ್ತು ಜನ ಬದುಕಿದ್ದೂ ನಿಜವೇ. ಆ ನಲವತ್ತನ್ನು ನೆನೆದು ನಾನು ನನ್ನನ್ನು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ತಿಥಿ ಮುಗಿದು ವಾರವಾಗಿರಬಹುದು. ಸಂಘವನ್ನು ನೋಡಿ ಸರ್ಕಾರದ ಸಹಾಯಧನ ಮುಂದುವರಿಸುವುದೋ ಬಿಡುವುದೋ ಎಂದು ತೀರ್ಮಾನಿಸಲು ಮೇಲಿನವರೊಬ್ಬರು ಬರುತ್ತಾರೆಂದು ಕಾಗದ ಬಂತು. ಅನುಸೂಯಮ್ಮನವರು ಕೆಟ್ಟವರಲ್ಲ. ಗಂಗಲಕ್ಷ್ಮಮ್ಮನಿಗಾಗಿ ಅವರು ಅತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅತ್ತ ಮೇಲೆ ಮುಖ ತೊಳೆದುಕೊಂಡು ಕೆಲಸಕ್ಕೆ ನಿಲ್ಲುವ ಹೆಂಗಸು. ರಾಮಾಂಜಿನಪ್ಪನನ್ನು ಕರೆಸಿ, ಅವನ ಮುಖ ನೋಡಲಾರದೆ ಗೋಡೆಗೆ ಹೇಳುವಂತೆ ಹೇಳಿದರು: "ಆ ಬಟ್ಟೆ ಬೇಕಾಗಿದೆಯಪ್ಪಾ. ಆ ಮುಖದ ಮೇಲೆ ಸುಣ್ಣ ಬಳಿದು ಬೇರೆ ಯಾರದಾದರೂ ಮುಖ ಬರೆದುಬಿಡು. ನಿನ್ನ ಕೈಲಿ ಆಗದಿದ್ದರೆ ಬೇರೆಯವರಿಂದ ಬರೆಸ್ತೀನಿ."

ಅವನು ಬಟ್ಟೆ ಬಿಡಿಸಿ ನೆಲದ ಮೇಲೆ ಹಾಸಿದ. ಬಹಳ ಹೊತ್ತು ನೋಡಿದ. "ಸುಣ್ಣ ಬಳಿಯೋದು ಬ್ಯಾಡ," ಎಂದ. ಕಾಡಿಗೆ ಕಲಸಿದ ಚಿಪ್ಪನ್ನು ನನ್ನ ಕೈಗೆ ಕೊಟ್ಟು ಮಂಡಿಯೂರಿ ಕೂತ. ಮಗುವಿನ ಮುಖದಲ್ಲಿ ಎಡಗಣ್ಣು ಬರೆದ. ಬಲಗಣ್ಣು ಬರೆದ. ಕೈ ಒಂದಿಷ್ಟೂ ನಡುಗಲಿಲ್ಲ. ನಡುಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬರೆದು ಮುಗಿಸಿ, "ಒಣಗಲಿ, ಮುಟ್ಟಬೇಡಿ," ಎಂದು ಎದ್ದು ಹೋದ.

ಬಂದವರು ಚಿತ್ರ ನೋಡಿ ತುಂಬ ಮೆಚ್ಚಿದರು. ವರದಿಯನ್ನು ಬಗಲಲ್ಲಿ ಇಟ್ಟುಕೊಂಡವರು ತೆರೆಯಲೇ ಇಲ್ಲ. ಸಂಘ ಉಳಿಯಿತು.

ಅಲ್ಲಿಂದ ಮುಂದೆ ಬಟ್ಟೆಯನ್ನು ಸಂತೆಗಳಿಗೆ ಒಯ್ಯುವ ಕೆಲಸವನ್ನು ರಾಮಾಂಜಿನಪ್ಪ ತಾನೇ ಕೇಳಿ ವಹಿಸಿಕೊಂಡ. ಅಂಗಡಿ ಬೋರ್ಡು ಬರೆಯುವುದನ್ನು ಬಿಟ್ಟ. ವಾರಕ್ಕೊಂದು ಊರು. ಹತ್ತಿರದ ಮಧುರೆಗೆ, ತ್ಯಾಮಗೊಂಡ್ಲಿಗೆ ನಾನೂ ಜೊತೆಗೆ ಹೋಗುತ್ತಿದ್ದೆ. ಹುಣಸೆ ಮರದ ಕೊಂಬೆಗೆ ಬಟ್ಟೆ ಕಟ್ಟಿ, ಕೋಲು ಹಿಡಿದು, ಒಂದೊಂದೇ ಚಿತ್ರ ತೋರಿಸುತ್ತಾ ಹೇಳುವನು. ದನಿಯಲ್ಲಿ ಏರಿಳಿತವಿಲ್ಲ. ಮಳೆ ಯಾವಾಗ ಬಂತು ಅಂತ ಹೇಳುವವನ ಹಾಗೆ, "ಈಯಮ್ಮ ಗಾಡೀಲಿ ಬಂದ್ಲು. ಈಯಮ್ಮ ಹೆತ್ಲು," ಎನ್ನುವನು. ಆಶ್ಚರ್ಯವೆಂದರೆ ಜನ ನಂಬುತ್ತಿದ್ದರು. ಬಣ್ಣ ಕಟ್ಟಿ ಹೇಳಲು ಹೋದ ನನ್ನನ್ನು ಯಾರೂ ನಂಬುತ್ತಿರಲಿಲ್ಲ.

ಹೆಂಗಸರು ಆರನೇ ಚಿತ್ರದ ಹತ್ತಿರ ಬಂದು ನಿಲ್ಲುವರು. ಕೆನ್ನೆ ಮೇಲಿನ ಮಚ್ಚೆ ನೋಡಿ, ಇದು ನಿಜವಾಗಿ ಇರುವ ಹೆಂಗಸೇ ಎಂದು ಅವರಿಗೆ ಗೊತ್ತಾಗಿಬಿಡುತ್ತಿತ್ತು. "ಕೂಸು ಹೆಂಗೈತಪ್ಪಾ?" ಎಂದು ಕೇಳುವರು. ಮೊದಲ ಸಲ ಅವನು, "ಚೆನ್ನಾಗೈತೆ," ಎಂದ. ಆರು ತಿಂಗಳು ಕಳೆದು ಯಾರೋ ಕೇಳಿದಾಗ, "ಕುಂತ್ಕೊಳ್ತೈತೆ," ಎಂದ. ಇನ್ನೊಂದು ಸಲ ಹಲ್ಲು ಬಂದಿದೆ ಎಂದ. ನನಗೆ ರೇಗಿತು. ಗಾಡಿಯಲ್ಲಿ ವಾಪಸು ಬರುವಾಗ, "ಸಂಘಕ್ಕೋಸ್ಕರ ಇಷ್ಟೊಂದು ಸುಳ್ಳು ಯಾಕೆ ಕಟ್ತೀಯ? ಚೆನ್ನಾಗಿದೆ ಅಂದರೆ ಸಾಲದಾ?" ಎಂದೆ.

"ಕೇಳ್ತಾರಲ್ಲ ನರ್ಸಮ್ಮ," ಎಂದ. ಅಷ್ಟೇ.

ಅವನು ಸಂಘಕ್ಕೋಸ್ಕರ ಹೇಳುತ್ತಿದ್ದಾನೆ ಎಂದು ನಾನು ಮೂರು ವರ್ಷ ನಂಬಿಕೊಂಡಿದ್ದೆ. ನನ್ನ ಬುದ್ಧಿಗೆ ಇಷ್ಟು ಬೆಂಕಿ ಹಾಕ.

ನಲವತ್ತೈದರ ದಸರಾ ಕಳೆದ ಮೇಲೆ, ಮಧುರೆಯ ಸಂತೆಯಲ್ಲಿ ಪಿಳ್ಳಮ್ಮ ಎನ್ನುವವಳು ಬಂದಳು. ಎಂಟು ತಿಂಗಳ ಬಸುರಿ. ಹಿಂದಿನ ಎರಡು ಮಕ್ಕಳೂ ಮನೆಯಲ್ಲೇ ಹುಟ್ಟಿ ಹುಟ್ಟುತ್ತಲೇ ಹೋಗಿದ್ದವು. ನಾನು ಮರದ ಹಿಂದೆ ಕರೆದುಕೊಂಡು ಹೋಗಿ ಹೊಟ್ಟೆ ಮುಟ್ಟಿ ನೋಡಿದೆ. ಮಗು ತಲೆ ಮೇಲೆ ಮಾಡಿಕೊಂಡಿತ್ತು. ಮನೆಯಲ್ಲಿ ಹೆತ್ತರೆ ಈ ಸಲ ತಾಯಿಯೂ ಉಳಿಯುವುದು ಕಷ್ಟ. ಹಾಗೆಂದು ಹೇಳಿದೆ. ಆದರೆ ಅವಳ ಅತ್ತೆ ಪಕ್ಕದಲ್ಲೇ ನಿಂತು, "ಆಸ್ಪತ್ರೆಗೆ ಹೋದೋರು ಹೆಣ ಆಗೇ ಬರಾದು. ಅವರಿಗೇನು, ಬಾಯಿಗೆ ಬಂದಿದ್ದು ಹೇಳ್ತಾರೆ," ಎಂದು ಮೂಗು ಮುರಿದಳು.

ಪಿಳ್ಳಮ್ಮ ನನ್ನನ್ನು ಬಿಟ್ಟು ನೇರ ರಾಮಾಂಜಿನಪ್ಪನ ಮುಂದೆ ಹೋಗಿ ನಿಂತಳು. "ಅಣ್ಣಾ, ಈಯಮ್ಮನ್ನ ನೀನು ಕಂಡಿದ್ದೀಯಾ?"

"ಕಂಡಿದ್ದೀನಿ ಕಣವ್ವ."

"ಆಸ್ಪತ್ರೆಗೆ ಹೋಗಿ ಬದುಕಿ ಬಂದ್ಲಾ? ನಿನ್ನ ಹೆಂಡ್ತಿ ಆಣೆ ಮಾಡಿ ಹೇಳು."

ಹೆಂಡತಿ ಮಕ್ಕಳ ಮೇಲೆ ಆಣೆ ಇಟ್ಟು ಸುಳ್ಳು ಹೇಳಿದರೆ ಅದು ಅವರ ತಲೆಗೆ ತಟ್ಟುತ್ತದೆ ಎನ್ನುವುದು ನಮ್ಮ ಕಡೆ ಕೂಸಿಗೂ ಗೊತ್ತು. ಅತ್ತೆಯೂ ಗೊಣಗುವುದನ್ನು ನಿಲ್ಲಿಸಿ ಅವನ ಬಾಯನ್ನೇ ನೋಡುತ್ತಿದ್ದಳು. ನಿಜ ಹೇಳಿಬಿಟ್ಟರೆ ಇವಳು ಮನೆಗೆ ಹೋಗುತ್ತಾಳೆ, ಹೋದರೆ ಸಾಯುತ್ತಾಳೆ. ನಾನು ದೇವರಲ್ಲಿ ಬೇಡಿಕೊಂಡದ್ದು ಸುಳ್ಳು ಹೇಳಿಸಪ್ಪಾ ಎಂದೇ.

ರಾಮಾಂಜಿನಪ್ಪ ಕೋಲನ್ನು ಕೆಳಗಿಟ್ಟ. ಬಟ್ಟೆಯ ಕಡೆ ತಿರುಗಲಿಲ್ಲ.

"ನನ್ನ ಹೆಂಡ್ತಿ ಆಣೆ," ಎಂದ. "ಬದುಕವ್ಳೆ. ಹೆಣ್ಣು ಕೂಸು. ಎರಡು ಮುಗ್ದು ಮೂರರಲ್ಲೈತೆ."

ಪಿಳ್ಳಮ್ಮ ಮುಂದಿನ ತಿಂಗಳು ಬಂದಳು. ಕಾಲು ಮುಂದಾಗಿ ಬಂದ ಗಂಡುಮಗು. ಒಂದು ಹಗಲು ಪೂರ್ತಿ ನಾನು ಅವಳ ಹತ್ತಿರದಿಂದ ಕದಲಲಿಲ್ಲ. ಮಗು ನೀಲಿಯಾಗಿ ಬಂದು, ಬೆನ್ನು ತಟ್ಟಿದ ಮೇಲೆ ಕಿಟಾರನೆ ಕಿರುಚಿತು. ನಾನು ಕುಣಿಯುವಷ್ಟು ಸಂತೋಷಪಟ್ಟೆ. ಹೊರಗೆ ಬಂದು ರಾಮಾಂಜಿನಪ್ಪನಿಗೆ ಹೇಳಿದೆ. "ಒಳ್ಳೇದು," ಎಂದ. ಚಿತ್ರದ ಬಟ್ಟೆಗೆ ತೇಪೆ ಹಾಕುತ್ತಾ ಕೂತಿದ್ದವನು ತಲೆ ಎತ್ತಲಿಲ್ಲ.

ಯುಗಾದಿಗೆ ಮುಂಚೆ ಅತ್ತೆ ಸೊಸೆ ಇಬ್ಬರೂ ಮಗುವನ್ನು ಎತ್ತಿಕೊಂಡು ಸಂಘಕ್ಕೆ ಬಂದರು. ನನಗೆ ಒಂದು ಗಂಟು ಹುರುಳಿಕಾಳು ತಂದಿದ್ದರು. ಪಿಳ್ಳಮ್ಮ ಜಗಲಿ ಮೇಲಿದ್ದ ರಾಮಾಂಜಿನಪ್ಪನ ಹತ್ತಿರ ಹೋಗಿ, ಸೆರಗಿನ ಗಂಟು ಬಿಚ್ಚಿ, ಒಂದು ಕುಲಾವಿ ತೆಗೆದಳು. ಕೆಂಪು ಬಟ್ಟೆ, ಅಂಚಿಗೆ ಹಸಿರು, ಕಟ್ಟಲು ಎರಡು ದಾರ. ಅವಳ ಮಗನ ತಲೆ ಮೇಲೂ ಅಂಥದ್ದೇ ಇತ್ತು.

"ಆ ಚಿತ್ರದ ಕೂಸಿಗೆ ಕೊಡಣ್ಣಾ. ನಮ್ಮತ್ತೇನೇ ಹೊಲಿದಿದ್ದು. ಅದರಿಂದ್ಲೇ ಅಲ್ವಾ ನನ್ನ ಮಗ ಉಳ್ಕೊಂಡಿದ್ದು."

ರಾಮಾಂಜಿನಪ್ಪ ಕುಲಾವಿಯನ್ನು ತೆಗೆದುಕೊಂಡ. ಒಳಗೆ ಬೆರಳು ಹಾಕಿ ಅಗಲಿಸಿ ನೋಡಿದ. ಹೊಲಿಗೆ ನೋಡಿದ. ಆಮೇಲೆ ಅದನ್ನು ಮೆಲ್ಲಗೆ ಅವಳ ಕೈಗೇ ವಾಪಸು ಇಟ್ಟ.

"ಇದು ಅದ್ಕೆ ಹಿಡ್ಸಾಕಿಲ್ಲ ಕಣವ್ವ. ಮೂರು ತುಂಬ್ತು. ತಲೆ ಇಷ್ಟಾಗೈತೆ," ಎಂದು ಎರಡೂ ಕೈ ಎತ್ತಿ ತೋರಿಸಿದ.

ನಾನು ಬಾಗಿಲಲ್ಲಿ ನಿಂತಿದ್ದೆ. ದಿನಬೆಳಗಾದರೆ ಮಕ್ಕಳನ್ನು ಹಿಡಿಯುವವಳು ನಾನು, ನನಗೆ ಅಳತೆ ಗೊತ್ತು. ಅವನ ಎರಡು ಅಂಗೈಗಳ ನಡುವೆ ಮೂರು ವರ್ಷದ ಮಗುವಿನ ತಲೆ ಹಿಡಿಯುವಷ್ಟೇ ಜಾಗವಿತ್ತು, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.