ಫೋನಿನಲ್ಲಿ ಕೊಟ್ಟ ಹೂವು

ನಿಂಗಮ್ಮಕ್ಕ, ಅವತ್ತು ನೀವು ಫೋನಿನಲ್ಲಿ ನೋಡಿದ್ದು ಅವತ್ತಿನ ಪೂಜೆಯಲ್ಲ. ಹಿಂದಿನ ವಾರದ್ದು. ಗೊತ್ತಿದ್ದೂ ನಾನು ಹೇಳಲಿಲ್ಲ — ಇಷ್ಟು ವರ್ಷ ಹೇಳಲಿಲ್ಲ.

ಕೊರೊನಾ ಕಾಲದಲ್ಲಿ ಮತ್ತಿಗಿರಿಯ ನಮ್ಮ ಅಮ್ಮನ ಗುಡಿಗೆ ಬೀಗ ಬಿದ್ದಿತ್ತು. ಪೂಜಾರಿಯಾದ ನಾನೊಬ್ಬನೇ ಒಳಗೆ. ‘ಪೂಜೆ ಶುರು’ ಎಂದು ವಾಟ್ಸಾಪ್ ಗುಂಪಿಗೆ ಹಾಕಿದರೆ ನೀವೆಲ್ಲ ಇದ್ದಲ್ಲೇ ಕೈಮುಗಿದು ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿದ್ದಿರಿ. ನಾನು ಅಮ್ಮನ ಮುಡಿಗೆ ಹೂವಿಟ್ಟು ಕಾಯುತ್ತಿದ್ದೆ; ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಅದರ ವಿಡಿಯೋ ತಕ್ಷಣ ನಿಮ್ಮ ಕೈಗೆ ಬರುತ್ತಿತ್ತು. ಊರೂರಿನವರು ನೋಡುತ್ತಾರೆಂದು ನನಗೂ ಸ್ವಲ್ಪ ಕೊಂಬು ಬಂದಿತ್ತು ಅನ್ನಿ.

ಅವತ್ತು ನನಗೆ ಮೈ ಬಿಸಿ. ಪೂಜಾರಿಗೇ ಬಂದಿದೆಯೆಂದು ಗೊತ್ತಾದರೆ ಬೀದಿಗೆ ತಗಡು ಹೊಡೆದು ಮುಚ್ಚುತ್ತಾರೆ, ಜನ ಏನಂದುಕೊಳ್ಳುತ್ತಾರೋ — ಹೆದರಿದೆ. ಗುಡಿಗೆ ಹೋಗದೆ, ತೆಗೆದಿಟ್ಟಿದ್ದ ಹಳೆಯ ವಿಡಿಯೋ ಒಂದನ್ನು ಮಾಮೂಲಿನಂತೆ ಹಾಕಿಬಿಟ್ಟೆ. ಒಂದು ದಿನದ ಮಟ್ಟಿಗೆ ಯಾರಿಗೇನು ನಷ್ಟ ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಕೆಲಮಂಗಲದಿಂದ ನಿಮ್ಮ ಫೋನು. ಯಜಮಾನರಿಗೆ ಉಸಿರು ಕಟ್ಟುತ್ತಿದೆ ಎಂದಿರಿ. ಆದರೂ ನಿಮ್ಮ ದನಿಯಲ್ಲಿ ಸಮಾಧಾನವಿತ್ತು.

“ಮನೇಲೇ ಇಟ್ಕಳ್ಳಲಾ ಅಂತ ಕೇಳ್ಕಂಡಿದ್ದೆ ಪೂಜಾರಪ್ಪ. ಅಮ್ಮ ಬಲಗಡೆ ಕೊಟ್ಬುಟ್ಲು. ಆಸ್ಪತ್ರೆಗೆ ಸೇರ್ಸಲ್ಲ, ನಾನೇ ನೋಡ್ಕತೀನಿ.”

ಆಗಲೇ ಹೇಳಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು — ಹೇಳಿದ್ದರೆ... “ಅಮ್ಮ ಅವ್ಳೆ, ಧೈರ್ಯವಾಗಿರಿ ಅಕ್ಕ” ಅಂದು ಫೋನಿಟ್ಟೆ.

ಅವರು ಉಳಿಯಲಿಲ್ಲ. ಆಸ್ಪತ್ರೆಗೆ ಹೋಗಿದ್ದರೂ ಉಳಿಯುತ್ತಿದ್ದರೋ ಇಲ್ಲವೋ — ಆ ಮಾತಿನ ಹಿಂದೆ ಅಡಗಿಕೊಳ್ಳುವ ಹಕ್ಕು ನನಗಿಲ್ಲ.

ಮೊನ್ನೆ ಸಂತೆಯಲ್ಲಿ ಸಿಕ್ಕಿರಿ. ಗುಡಿ ಕಡೆ ಯಾಕೆ ಬರುವುದಿಲ್ಲ ಎಂದೆ — ಕೇಳುವ ಮುಖವೂ ನನಗಿತ್ತು ನೋಡಿ.

“ಅಮ್ಮ ಸುಳ್ಳು ಹೇಳಲ್ಲ ಪೂಜಾರಪ್ಪ. ನಾನೇ ಏನೋ ಮೈಲಿಗೇಲಿ ಕೇಳಿರ್ಬೇಕು. ಅವ್ರನ್ನ ನಾನೇ ಕಳ್ಕಂಡೆ,” ಅಂದಿರಿ. ಬೇಡವೆಂದರೂ ಒಂದು ಕಟ್ಟು ಸೊಪ್ಪು ನನ್ನ ಚೀಲಕ್ಕೆ ಹಾಕಿದಿರಿ. ಅದನ್ನು ತಿನ್ನಲು ನನ್ನಿಂದಾಗಲಿಲ್ಲ.

ಇಷ್ಟು ವರ್ಷ ನಿಮ್ಮನ್ನು ನೀವೇ ಹಳಿದುಕೊಂಡಿದ್ದೀರೆಂದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಹೇಳುತ್ತಿದ್ದೆನೇ — ಗೊತ್ತಿಲ್ಲ ಅಕ್ಕ. ನಾಳೆ ಕೆಲಮಂಗಲಕ್ಕೆ ಬರುತ್ತೇನೆ. ಇದನ್ನು ನಿಮ್ಮ ಮಕ್ಕಳ ಮುಂದೆಯೇ ಹೇಳುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಬೀದಿಯಲ್ಲೇ ನಿಂತು, ನಿಮ್ಮದೇನೂ ತಪ್ಪಿರಲಿಲ್ಲವೆಂದು ನಾಲ್ಕು ಜನರಿಗೆ ಕೇಳುವಂತೆ ಹೇಳುತ್ತೇನೆ.