ಕ್ಯಾಮೆರಾಕ್ಕೆ ಸಿಗದ ಕರಿ ಹಕ್ಕಿ

ಮೂವತ್ತೊಂದು ವರ್ಷ ರೈಲ್ವೆ ಗೇಟು ಕಾದ ವಾಂದಾಳಿಗೆ ತನ್ನ ಕಣ್ಣಿನ ಮೇಲೆ ಎಲ್ಲಿಲ್ಲದ ಜಂಬ. ಮಂಜಿನಲ್ಲಿ ಬರುವ ಗೂಡ್ಸ್ ಗಾಡಿಯ ದೀಪವನ್ನು, ಸ್ಟೇಷನ್ನಿನವರು ಫೋನು ಮಾಡುವ ಮೊದಲೇ ಕಂಡು ಗೇಟು ಇಳಿಸಿದವಳು ಅವಳು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವ ಜಾಯಮಾನವೇ? ಅವಳೂರು ಸುವಾವ್ಕಿಯ ಚಳಿಗೆ ಇಡೀ ಪೋಲೆಂಡೇ ಹೆದರುತ್ತದೆ. ಅಂಥ ಚಳಿಯಲ್ಲಿ ಹಿತ್ತಲ ಸೇಬಿನ ಮರಕ್ಕೆ ಕಾಳಿನ ಪೆಟ್ಟಿಗೆ ಕಟ್ಟಿ, ಪಕ್ಕದಲ್ಲಿ ಉಪ್ಪು ಸೋಕಿಸದ ಹಂದಿಕೊಬ್ಬಿನ ತುಂಡು ನೇತುಹಾಕಿ, ಅಡುಗೆಮನೆಯ ಕಿಟಕಿಯಲ್ಲಿ ಕ್ಯಾಮೆರಾ ಹಿಡಿದು ಕೂರುತ್ತಿದ್ದಳು. ಹಳದಿ ಹೊಟ್ಟೆಯ ಸಿಕೋರ ಹಕ್ಕಿಗಳು ಬರುತ್ತಿದ್ದವು, ಕೆಂಪೆದೆಯ ಗಿಲ್‌ಗಳು ಬರುತ್ತಿದ್ದವು. "ನಮ್ಮ ಮದುವೆ ಫೋಟೋ ಇರೋದು ಒಂದೇ ಒಂದು, ಈ ಸಿಕೋರಗಳದ್ದು ನಾಲ್ಕು ಸಾವಿರ" ಎಂದು ಗಂಡ ಝೆನೋನ್ ಅಣಕಿಸುತ್ತಿದ್ದ.

ಜನವರಿಯ ಕೊನೆಯ ಸೋಮವಾರ ಕರಿ ಹಕ್ಕಿ ಬಂತು. ಪೆಟ್ಟಿಗೆಯ ಬಲಕ್ಕೆ, ಕೊಂಬೆಯ ತುದಿಯಲ್ಲಿ ಏನೋ ಕಪ್ಪಗೆ ಸುಳಿಯಿತು. ವಾಂದಾ ಕ್ಲಿಕ್ಕಿಸಿದಳು. ಫೋಟೋ ತೆರೆದು ನೋಡಿದರೆ ಬರೀ ಕೊಂಬೆ, ಹಿಮ. "ಹಾಳಾದ್ದು, ಹಾರ್ಹೋಯ್ತು" ಎಂದು ಬೈದುಕೊಂಡಳು. ಮತ್ತೆ ಬಂತು, ಮತ್ತೆ ಕ್ಲಿಕ್ಕಿಸಿದಳು, ಮತ್ತೆ ಬರೀ ಕೊಂಬೆ. ಮಂಗಳವಾರ ಹದಿನಾಲ್ಕು ಸಲ ಹೀಗೇ ಆಯಿತು. ಸಿಕೋರಗಳೋ, ಅದರ ಪಕ್ಕದಲ್ಲೇ ಆರಾಮಾಗಿ ಕೊಬ್ಬು ಕುಕ್ಕುತ್ತಿದ್ದವು. ಬುಧವಾರ ಹಕ್ಕಿ ಅಡುಗೆಮನೆಯೊಳಗೇ ಬಂತು, ಒಲೆಯ ಪಕ್ಕಕ್ಕೆ.

ವಾಂದಾ ಸೌಟು ಬೀಸಿದಳು, ಅದು ಯಾವುದಕ್ಕೂ ತಾಗಲಿಲ್ಲ. ಅವಳಮ್ಮ ಕೊನೆಗಾಲದಲ್ಲಿ ಛಾವಣಿಯ ಮೇಲೆ ಕೋಳಿಗಳನ್ನು ಕಾಣುತ್ತಿದ್ದಳು. "ಓಡ್ಸೇ, ಸೂಪಿಗೆ ಬೀಳ್ತವೆ" ಎಂದು ಕೂಗುತ್ತಿದ್ದಳು. ಮೊದಮೊದಲು ಮನೆಯವರೆಲ್ಲ ನಕ್ಕರು. ಆಮೇಲೊಂದು ದಿನ ಮಗಳನ್ನೇ ದಿಟ್ಟಿಸಿ, "ಯಾರಮ್ಮ ನೀನು, ನನ್ನ ಮನೇಲಿ ಏನ್ಮಾಡ್ತಿದ್ದೀಯ?" ಎಂದಾಗ ಯಾರೂ ನಗಲಿಲ್ಲ. ಆಗ ಅಮ್ಮನಿಗೆ ಅರವತ್ತೆಂಟು. ವಾಂದಾಳಿಗೆ ಈಗ ಅರವತ್ತೇಳು.

ಡಾಕ್ಟರ ಬಳಿ ಹೋದರೆ ಅರಳುಮರಳು ಎಂದು ಬರೆದೇಬಿಡುತ್ತಾರೆ ಎಂಬ ಭಯಕ್ಕೆ ಅವಳು ಯಾರಲ್ಲೂ ಬಾಯಿ ಬಿಡಲಿಲ್ಲ. ಹೆದರಿಕೆಗೆ ಬುದ್ಧಿ ಎಲ್ಲಿಯದು! ಗುರುವಾರ ಒಬ್ಬಳೇ ಕೂತು ಮೊಮ್ಮಕ್ಕಳ ಹೆಸರು ಹೇಳಿಕೊಂಡಳು, ತನ್ನ ಲೈನಿನ ಸ್ಟೇಷನ್ನುಗಳ ಹೆಸರು ಸಾಲಾಗಿ ಹೇಳಿಕೊಂಡಳು. ಒಂದೂ ತಪ್ಪಲಿಲ್ಲ. ಆದರೆ ಶುಕ್ರವಾರ, ಹೆದರಿದವರ ಮೇಲೆ ಹಾವು ಎಸೆದಂತೆ, ಆ ಹಕ್ಕಿ ರೆಕ್ಕೆ ಹರಡಿ ನೋಟದ ಬಲಗಡೆಯ ಅರ್ಧವನ್ನೇ ಮುಚ್ಚಿತು. ಊಟ ಯಾಕೆ ಬಿಟ್ಟೆ ಎಂದು ಝೆನೋನ್ ಕೇಳಿದರೆ, "ಉಪ್ಪು ಜಾಸ್ತಿಯಾಗಿದೆ" ಎಂದು ತಾನೇ ಮಾಡಿದ ಅಡುಗೆಯಲ್ಲಿ ತಾನೇ ಹುಳುಕು ತೆಗೆದಳು.

ಶನಿವಾರ ಹಕ್ಕಿ ಎಣಿಕೆ. ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ, ಒಂದು ಗಂಟೆ ಕೂತು ಕಂಡ ಹಕ್ಕಿಗಳನ್ನೆಲ್ಲ ಬರೆದು ಪಕ್ಷಿಸಂಘಕ್ಕೆ ಕಳಿಸುವ ಪದ್ಧತಿ. ಹಿಂದೆ ನರ್ಸಾಗಿದ್ದ ಪಕ್ಕದ ಮನೆಯ ಯಾದ್ವಿಗಾ ಎಂದಿನಂತೆ ಕೇಕು ಹಿಡಿದು ಬಂದು ಜೊತೆಗೆ ಕೂತಳು. ಕಂಡದ್ದನ್ನು ಬಿಡಬಾರದು, ಕಾಣದ್ದನ್ನು ಬರೆಯಬಾರದು ಎಂಬುದು ನಿಯಮ. ಗೇಟಿನ ರಿಜಿಸ್ಟರಿನಲ್ಲಿ ಒಂದು ದಿನವೂ ಸುಳ್ಳು ಬರೆದವಳಲ್ಲ ಅವಳು. ಕರಿ ಹಕ್ಕಿ, ಒಂದು ಎಂದು ಬರೆದೇಬಿಟ್ಟಳು.

"ಎಲ್ಲೇ ಕರಿ ಹಕ್ಕಿ?" ಯಾದ್ವಿಗಾ ಗಾಜಿಗೆ ಮೂಗು ಒತ್ತಿದಳು. "ನಂಗ್ಯಾಕೆ ಕಾಣ್ತಿಲ್ಲ?"

"ಅಲ್ಲಿ... ಬಲಕ್ಕೆ." ಅಷ್ಟು ಹೇಳುವಷ್ಟರಲ್ಲಿ ವಾಂದಾಳಿಗೆ ಅಳು ಒತ್ತರಿಸಿ ಬಂತು. "ಅಮ್ಮನ ಹಾಗೇ ಆಯ್ತು ಕಣೇ ನಂಗೆ. ಯಾರ್ಗೂ ಹೇಳ್ಬೇಡ, ನಿನ್ ದಮ್ಮಯ್ಯ."

"ಥೂ, ಸುಮ್ನಿರೇ. ಬಲಗಣ್ಣು ಮುಚ್ಚು ನೋಡೋಣ."

ಮುಚ್ಚಿದಳು. ಹಕ್ಕಿ ಇಲ್ಲ. ತೆರೆದಳು. ಇದೆ.

"ತಲೆ ಅಲ್ವೇ, ಕಣ್ಣು! ಎಷ್ಟು ದಿನ ಆಯ್ತು? ಸೋಮವಾರದಿಂದಾನಾ? ಅಯ್ಯೋ ಪಾಪಿ! ಝೆನೋನ್, ಕಾರು ತೆಗಿಯೋ, ಈಗ್ಲೇ!"

ದೊಡ್ಡಾಸ್ಪತ್ರೆಯ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. "ಕಣ್ಣಿನ ಹಿಂದಿನ ಪರದೆ ಕಿತ್ತು ಬಂದಿದೆ ಅಮ್ಮ, ನಡುಭಾಗವೂ ಬಿಟ್ಟಿದೆ. ಸೋಮವಾರವೇ ಬಂದಿದ್ರೆ ಉಳಿಸ್ತೀನಿ ಅಂತಿದ್ದೆ. ಈಗ ಆಪರೇಷನ್ ಮಾಡ್ತೀನಿ. ಮಾತು ಮಾತ್ರ ಕೊಡೋಕಾಗಲ್ಲ."

ಹೊರಗಿನ ಬೆಂಚಿನ ಮೇಲೆ ವಾಂದಾ ಗಂಡನ ತೋಳು ಹಿಡಿದಳು. "ಬಯ್ಯೋ, ಬಯ್ದ್ಬಿಡು. ಬಾಯಿ ಮುಚ್ಕೊಂಡು ಕಣ್ಣು ಕಳ್ಕೊಂಡೆ."

ಝೆನೋನ್ ಕೈಲಿದ್ದ ಟೋಪಿಯನ್ನು ಪಕ್ಕಕ್ಕಿಟ್ಟು, ಅವಳ ಕೈ ಹಿಡಿದು ನೆಲ ನೋಡಿದ. "ನಾನೇನಂತ ಬಯ್ಲಿ? ಬುಧವಾರ ಮಧ್ಯಾಹ್ನ ನೀನು ಮಲಗಿದ್ದಾಗ ಕ್ಯಾಮೆರಾ ತೆಗೆದು ನೋಡ್ದೆ. ಬರೀ ಖಾಲಿ ಕೊಂಬೆ, ಒಂದಾದ ಮೇಲೊಂದು. ನಿಮ್ಮಮ್ಮನ ನೆನಪಾಯ್ತು. ಕೇಳಿದ್ರೆ ಎಲ್ಲಿ ಹೌದು ಅಂದ್ಬಿಡ್ತೀಯೋ ಅಂತ ಹೆದ್ರಿ, ಕೇಳ್ಲೇ ಇಲ್ಲ ಕಣೇ."

ನರ್ಸು ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಇಬ್ಬರಲ್ಲಿ ಒಬ್ಬರೂ ಕೈ ಬಿಡಲಿಲ್ಲ.