ಬಂಡೆಯ ಮೇಲೆ ಸರಿದದ್ದು

ಇದನ್ನು ಹೇಳುವುದರಿಂದ ನನಗೆ ಲಾಭವೇನೂ ಇಲ್ಲ. ಇರುವ ಮರ್ಯಾದೆ ಹೋಗುತ್ತದೆ, ಅಷ್ಟೇ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇದು ನನ್ನ ಕಣ್ಣೆದುರು ನಡೆದದ್ದು.

ಬಹಳ ಹಿಂದೆ ಐರ್ಲೆಂಡನ್ನು ಮುಚ್ಚಿದ್ದ ಹಿಮದ ದಪ್ಪ ಹಾಸು ಎಲ್ಲಿಯವರೆಗೆ ಹಬ್ಬಿತ್ತೆಂದು ನಕ್ಷೆ ಮಾಡುವುದು ನನ್ನ ಸಂಶೋಧನೆ. ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ತಪ್ಪು ಮಾಡುವ ಹಕ್ಕು ನನಗಿಲ್ಲವೆಂದೇ ನಂಬಿದ್ದೆ.

ಹಿಮ ಸರಿದಲ್ಲಿ ಬಂಡೆಯ ಮೇಲೆ ಗೀರು ಉಳಿಯುತ್ತದೆ. ಸವೆದ ಗೀರು ಹಗಲಿನಲ್ಲಿ ಕಾಣುವುದಿಲ್ಲ. ಕತ್ತಲಾದ ಮೇಲೆ ನೀರು ಸುರಿದು, ಟಾರ್ಚನ್ನು ಓರೆಯಾಗಿ ಹಿಡಿದರೆ ನೆರಳಾಗಿ ಮೂಡುತ್ತದೆ. ಐರ್ಲೆಂಡಿನ ಡೊನೆಗಲ್ ಪ್ರಾಂತ್ಯದ ಗುಡ್ಡವೊಂದರ ಬಂಡೆಯಲ್ಲಿ ಗೀರಿನ ದಿಕ್ಕು ಅಳೆದರೆ ನನ್ನ ನಕ್ಷೆ ಪೂರ್ಣ. ಇಲ್ಲವಾದರೆ ಸಂಶೋಧನೆಗೆ ಇನ್ನೊಂದು ವರ್ಷ ಸಿಗುವುದು ಅನುಮಾನ.

ಒಬ್ಬನೇ ಹೋಗುವಂತಿರಲಿಲ್ಲ. ಅಲ್ಲಿನ ಲೆಟರ್‌ಕೆನ್ನಿ ಊರಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ಗೆಳೆಯ ಹರೀಶ ಡ್ಯೂಟಿ ಮುಗಿಸಿ ಹಾಗೆಯೇ ಕಾರು ತಂದ. ಚಳಿಗಾಲವಾದ್ದರಿಂದ ಸಂಜೆಗೇ ಗಾಢ ಕತ್ತಲು. ಕರಗಿಹೋದ ಐಸಿನ ಹಿಂದೆ ಬಿದ್ದವನನ್ನು ತಾನು ಕಂಡಿರಲಿಲ್ಲವೆಂದು ಅವನು ದಾರಿಯುದ್ದಕ್ಕೂ ಗೇಲಿ ಮಾಡಿದ.

ನೀರು ಸುರಿದೆ. ಗೀರುಗಳು ಎದ್ದು ಬಂದವು... ಸವೆದಿರಲಿಲ್ಲ. ಅಂಚುಗಳು ಚೂಪಾಗಿದ್ದವು. ಈಗ ತಾನೇ ಅರೆದ ಕಲ್ಲಿನ ಹಸಿ ವಾಸನೆ.

"ನಮ್ಮಜ್ಜಿ ರುಬ್ಬೋ ಕಲ್ಲು ಕುಟ್ಟಿಸ್ಕೊಂಡ್ ಬಂದಂಗೈತೆ ಕಣೋ," ಎಂದ ಹರೀಶ. ಕೋಟಿನ ಜೇಬಿನಲ್ಲೇ ಉಳಿದಿದ್ದ ಸ್ಟೆತಸ್ಕೋಪ್ ತೆಗೆದು ಬಂಡೆಯ ಮೇಲಿಟ್ಟ. "ತಡಿ, ಪೇಷಂಟ್ ಹೆಂಗಿದಾರೆ ನೋಡೋಣ."

ಅವನ ನಗು ನಿಂತಿತು. ಬಹಳ ಹೊತ್ತು ಆಲಿಸಿದ.

"ನೀನೊಂದ್ಸಲ ಕೇಳು."

ಗಾಳಿಯ ಕಂಪನವಿರಬೇಕೆಂದು ಬಲ್ಲವನಂತೆ ವಿವರಿಸುತ್ತಲೇ ಕಿವಿಗಿಟ್ಟುಕೊಂಡೆ.

ರುಬ್ಬುವ ಸದ್ದು. ನಿಧಾನ... ಭಾರ... ಮತ್ತೆ ನಿಧಾನ. ಅದು ಬಂಡೆಯ ಒಳಗಿನ ಸದ್ದಾಗಿರಲಿಲ್ಲ. ಬಂಡೆಯ ಮೇಲೆ ಏನೋ ಸರಿಯುತ್ತಿತ್ತು. ಬಂಡೆಯ ಮೇಲಿದ್ದವರು ನಾವಿಬ್ಬರೇ.

ಕಿವಿಗಳು ಕಟ್ಟಿದವು. ಹೆಗಲ ಮೇಲೆ ಹೊರಲಾರದ ಭಾರ. ತಲೆಯೆತ್ತಿದೆ... ಆಗಷ್ಟೇ ಇದ್ದ ನಕ್ಷತ್ರಗಳು ಇರಲಿಲ್ಲ. ನಾನು ಸುರಿದಿದ್ದ ನೀರು ಅರೆದ ಕಲ್ಲಿನ ಹಿಟ್ಟು ಬೆರೆತು ಗಂಜಿಯಂತೆ ಬೆಳ್ಳಗಾಗಿತ್ತು.

ಓಡಿದೆ. ಹರೀಶನನ್ನು ಕರೆಯಲಿಲ್ಲ. ಇದ್ದ ಒಂದೇ ಟಾರ್ಚು ನನ್ನ ಕೈಯಲ್ಲಿತ್ತು. ಕೀ ಬಿಟ್ಟೇ ಬಂದಿದ್ದ ಕಾರಿನೊಳಗೆ ಕುಳಿತು ಬಾಗಿಲು ಲಾಕ್ ಮಾಡಿಕೊಂಡೆ. ಅವನು ಕತ್ತಲಲ್ಲಿ ತಡವರಿಸುತ್ತ ಬಂದು ಗಾಜು ತಟ್ಟಿದಾಗಲೂ ಕೂಡಲೇ ತೆಗೆಯಲಿಲ್ಲ.

"ನಾನೇ ಕಣೋ... ತೆಗಿ," ಎಂದ, ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ.

ಅವನ ಮೊಣಕೈ ತರಚಿ ರಕ್ತ ಸುರಿಯುತ್ತಿತ್ತು. ಬೈಯಲಿಲ್ಲ. ಕೀ ತಿರುಗಿಸುತ್ತ, "ಬಿಡೋ, ಗ್ರ್ಯಾಂಡ್ ಆಗಿದೀನಿ," ಎಂದ, ಏನೂ ಆಗಿಲ್ಲ ಎನ್ನಲು ಐರಿಶರು ಹೇಳುವ ಹಾಗೆ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ದಿಕ್ಕು ಅಳೆಯದೇ ಉಳಿಯಿತು. ನಮ್ಮ ಕೆಲಸದಲ್ಲಿ ಕಂಡದ್ದಕ್ಕೆ ಪೂರ್ಣ ಗೆರೆ, ಊಹೆಗೆ ತುಂಡುಗೆರೆ. ಆ ಗುಡ್ಡದ ಮೇಲೆ ತುಂಡುಗೆರೆ ಎಳೆದೆ. ನನ್ನ ಸಂಶೋಧನೆಯ ಗೈಡ್ ಕಾರಣ ಕೇಳಿದಾಗ ಬಂಡೆ ಸವೆದುಹೋಗಿತ್ತೆಂದೆ. ಅಷ್ಟು ಸ್ಪಷ್ಟವಾದ ಗೀರನ್ನು ನಾನು ಬೇರೆಲ್ಲೂ ಕಂಡಿಲ್ಲ. ಇನ್ನೂ ಸಮಯವಿದೆ, ಮತ್ತೊಮ್ಮೆ ಹೋಗಿ ನೋಡಿ ಎಂದು ಅವರು ವಿಶ್ವಾಸದಿಂದಲೇ ಹೇಳಿದರು.

ಹರೀಶನೂ ಮೊನ್ನೆ ಫೋನಿನಲ್ಲಿ ಕೇಳಿದ.

"ಹೋಗ್ಬರೋಣ ಬಾರೋ. ಈ ಸಲ ನಾನೇ ಮುಂದೆ ನಡೀತೀನಿ."

ನಕ್ಷೆಯಲ್ಲಿ ಆ ಗುಡ್ಡದ ಮೇಲೆ ಇನ್ನೂ ತುಂಡುಗೆರೆಯೇ ಇದೆ.